ನೀರೇ ಮುಂದಿನ ಕಲ್ಲಿದ್ದಲು: ಒಂದು ಪ್ರಸಿದ್ಧ ಭವಿಷ್ಯವಾಣಿಯ ವಿಮರ್ಶೆ

ಜೂಲ್ ವೆರ್ನ್‌ನ 'ನಿಗೂಢ ದ್ವೀಪ'ವು 1874-75ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾಯಿತು. ಕಲ್ಲಿದ್ದಲು ತೀರಿದ ಮೇಲೆ ಜನರು ಏನನ್ನು ಉರಿಸುವರೆಂಬ ಪ್ರಶ್ನೆಗೆ, ಅದರಲ್ಲಿ ಬರುವ ಎಂಜಿನಿಯರ್ ಸೈರಸ್ ಸ್ಮಿತ್ ನೀರನ್ನೇ ಎಂದು ಉತ್ತರಿಸುತ್ತಾನೆ. ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕ ಮತ್ತು ಆಮ್ಲಜನಕಗಳೇ ಮುಂದಿನ ಇಂಧನವೆಂಬುದು ಅವನ ಮತ. ಇಂದಿನ ಜಲಜನಕ ಸಂಬಂಧವಾದ ಬರಹಗಳಲ್ಲಿ ಈ ಪ್ರಸಂಗವು ಫಲಿಸಿದ ಭವಿಷ್ಯವಾಣಿಯೆಂದು ಮತ್ತೆ ಮತ್ತೆ ಉದ್ಧೃತವಾಗುತ್ತಿದೆ. ಕಾದಂಬರಿಯ ಒಂದು ಪುಟವನ್ನು ಇತಿಹಾಸದ ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು, ಅದು ಹೇಳಿದ್ದೇನು, ಬಿಟ್ಟದ್ದೇನು ಎಂಬುದನ್ನು ನಾವು ಪರಿಶೀಲಿಸಬೇಕಾಗಿದೆ.

ವೆರ್ನ್‌ನ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಕಲ್ಲಿದ್ದಲಿನ ಕ್ಷಯವನ್ನು ಕುರಿತು ಜೆವನ್ಸ್‌ನ ಗ್ರಂಥವು 1865ರಲ್ಲಿಯೇ ಇಂಗ್ಲೆಂಡಿನಲ್ಲಿ ಹೊರಬಂದಿತ್ತು. ಕಾಲದ ಆತಂಕವನ್ನು ಕಾದಂಬರಿಕಾರನು ಸರಿಯಾಗಿ ಗುರುತಿಸಿದನು. ಆದರೆ ನೀರು ಇಂಧನವಲ್ಲ. ಜಲಜನಕವು ಉರಿದ ಮೇಲೆ ಉಳಿಯುವುದೇ ನೀರು. ಸೌದೆಗೆ ಬೂದಿ ಹೇಗೋ ಜಲಜನಕಕ್ಕೆ ನೀರು ಹಾಗೆ. ಅದನ್ನು ಒಡೆಯಲು ವ್ಯಯಮಾಡಿದ ಶಕ್ತಿಗಿಂತ ಹೆಚ್ಚಿನದು ಮರಳಿ ಬಾರದು. ಆ ವಿದ್ಯುತ್ತು ಎಲ್ಲಿಂದ ಬರಬೇಕೆಂಬುದನ್ನು ಸ್ಮಿತ್ ಹೇಳುವುದಿಲ್ಲ. ಇದು ಮೊದಲನೆಯ ಲೋಪ.

ಎರಡನೆಯ ಲೋಪವು ಇನ್ನೂ ಸೂಕ್ಷ್ಮವಾದುದು: ನೀರಿನಲ್ಲಿ ಮುಳುಗಿದ ವಿದ್ಯುದಗ್ರದ ಪ್ರಸ್ತಾಪವೇ ಅಲ್ಲಿಲ್ಲ. 1800ರಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಹಿತ್ತಾಳೆಯ ತಂತಿಗಳನ್ನು ಬಳಸಿದಾಗ ಒಂದರಲ್ಲಿ ಮಾತ್ರ ಅನಿಲ ಹೊರಟಿತು. ಮತ್ತೊಂದು ತಾನೇ ಕಿಲುಬು ಹಿಡಿಯಿತು. ಪ್ಲಾಟಿನಮ್ ತಂತಿಗಳನ್ನು ಇಳಿಸಿದ ಮೇಲೆ ಎರಡೂ ಕಡೆ ಅನಿಲಗಳು ದೊರೆತವು. ಪ್ರವಾಹದಷ್ಟೇ ಲೋಹವೂ ಫಲವನ್ನು ನಿರ್ಣಯಿಸುತ್ತದೆಂಬುದು ಆರಂಭದಲ್ಲಿಯೇ ಕಂಡಿತ್ತು. ಸಿದ್ಧಾಂತದಂತೆ ನೀರನ್ನು ಒಡೆಯಲು 1.23 ವೋಲ್ಟು ಸಾಕು; ವ್ಯವಹಾರದಲ್ಲಿ ಅದಕ್ಕಿಂತ ಹೆಚ್ಚು ಬೇಕು. ಈ ಅಧಿಕ ವೋಲ್ಟಿಗೂ ಪ್ರವಾಹಕ್ಕೂ ಇರುವ ಸಂಬಂಧವನ್ನು ಟಾಫೆಲ್ 1905ರಲ್ಲಿ ಸೂತ್ರೀಕರಿಸಿದನು. ಪಾದರಸದ ಮೇಲೆ ಜಲಜನಕ ಬಿಡುಗಡೆಯಾಗಲು ಅಧಿಕ ವೋಲ್ಟು ಬಹಳ ಬೇಕು, ಪ್ಲಾಟಿನಮ್ಮಿನ ಮೇಲೆ ಅತ್ಯಲ್ಪ.

ಮುಂದಿನ ಚರಿತ್ರೆಯು ಮೇಲ್ಮೈಯನ್ನು ರೂಪಿಸುವ ಚರಿತ್ರೆ. ನಿಕ್ಕಲ್-ಅಲ್ಯೂಮಿನಿಯಮ್ ಮಿಶ್ರಲೋಹದಿಂದ ಅಲ್ಯೂಮಿನಿಯಮನ್ನು ಕ್ಷಾರದಲ್ಲಿ ಕರಗಿಸಿ ತೆಗೆದರೆ ನಿಕ್ಕಲ್ ರಂಧ್ರಮಯವಾಗಿ ಉಳಿಯುತ್ತದೆ. ಅಮೆರಿಕದ ಮರೆ ರೇನಿ 1920ರ ದಶಕದಲ್ಲಿ ಇದನ್ನು ಸಿದ್ಧಪಡಿಸಿದ್ದು ಸಸ್ಯತೈಲವನ್ನು ಗಟ್ಟಿಗೊಳಿಸುವುದಕ್ಕಾಗಿ. ಅದು ವಿದ್ಯುದಗ್ರವಾದದ್ದು ಅನಂತರ. ಡೆನ್ಮಾರ್ಕಿನ ಸಂಶೋಧಕರು 2007ರಲ್ಲಿ ಮಾಲಿಬ್ಡಿನಮ್ ಸಲ್ಫೈಡಿನ ಸೂಕ್ಷ್ಮ ಪದರಗಳನ್ನು ಅಳೆದು, ಜಲಜನಕ ಹುಟ್ಟುವುದು ಪದರದ ವಿಸ್ತಾರದಲ್ಲಲ್ಲ, ಅಂಚಿನಲ್ಲಿ ಎಂದು ತೋರಿಸಿದರು.

ಇದು ಬರಿಯ ರಸಾಯನಶಾಸ್ತ್ರದ ವಿಷಯವೆಂದು ಇತಿಹಾಸದ ವಿದ್ಯಾರ್ಥಿಯು ಕೈಬಿಡುವಂತಿಲ್ಲ. ಆಮ್ಲೀಯ ಪೊರೆಯನ್ನುಳ್ಳ ಇಂದಿನ ಯಂತ್ರಗಳ ಧನಾಗ್ರಕ್ಕೆ ಇರಿಡಿಯಮ್ ಬೇಕು. ಅದರ ಬಹುಭಾಗ ದೊರೆಯುವುದು ದಕ್ಷಿಣ ಆಫ್ರಿಕದ ಗಣಿಗಳಲ್ಲಿ. ಭಾರತ ಸರ್ಕಾರವು 2023ರಲ್ಲಿ ಅಂಗೀಕರಿಸಿದ ಹಸಿರು ಜಲಜನಕ ಯೋಜನೆಯು 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ನುಗಳ ಉತ್ಪಾದನಾ ಸಾಮರ್ಥ್ಯವನ್ನು ಗುರಿಯಾಗಿಟ್ಟಿದೆ. ನೀರು ಅಪಾರವಾಗಿದೆಯೆಂಬ ವೆರ್ನ್‌ನ ಭರವಸೆಯನ್ನು ನೆಚ್ಚಿದರೆ, ಯಾರ ವಿದ್ಯುತ್ತು, ಯಾವ ಗಣಿಯ ಲೋಹ ಎಂಬ ಪ್ರಶ್ನೆಗಳು ಮರೆಯಾಗುತ್ತವೆ. ಕಲ್ಲಿದ್ದಲಿನ ಯುಗವನ್ನು ಗಣಿ, ಕೂಲಿ, ಸಾಮ್ರಾಜ್ಯಗಳೊಡನೆ ಓದುವ ನಾವು ಜಲಜನಕದ ಯುಗವನ್ನು ಮಾತ್ರ ಕೇವಲ ನೀರಿನ ಕಥೆಯಾಗಿ ಓದುವುದು ಯುಕ್ತವಲ್ಲ. ವೆರ್ನ್‌ನ ಪುಟವು ಹತ್ತೊಂಬತ್ತನೆಯ ಶತಮಾನದ ಆಸೆಗೆ ಒಳ್ಳೆಯ ಸಾಕ್ಷ್ಯ. ಇಪ್ಪತ್ತೊಂದನೆಯ ಶತಮಾನದ ಲೆಕ್ಕಕ್ಕೆ ಅದು ಆಧಾರವಾಗಲಾರದು.