ಏಕರೂಪದ ಮೇಲ್ಮೈ ಮತ್ತು ಲ್ಯಾಂಗ್‌ಮ್ಯೂರ್ ಪರಂಪರೆ

ಅನಿಲದ ಅಣುಗಳು ಘನವಸ್ತುವಿನ ಒಳಕ್ಕೆ ಇಳಿಯದೆ ಅದರ ಮೈಮೇಲಷ್ಟೇ ಅಂಟಿ ನಿಲ್ಲುವುದನ್ನು ಅಧಿಶೋಷಣೆ ಎನ್ನುತ್ತೇವೆ. ಈ ವಿದ್ಯಮಾನವನ್ನು ಅರಿಯುವ ದಾರಿಗಳು ಹಲವಿದ್ದರೂ ಪಠ್ಯಪುಸ್ತಕಗಳಲ್ಲಿ ನೂರು ವರ್ಷಗಳಿಂದ ಆಳುತ್ತಿರುವುದು ಒಂದೇ ಪರಂಪರೆ. ಅದನ್ನು ಆರಂಭಿಸಿದವರು ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ವಿದ್ಯುದ್ದೀಪದ ಟಂಗ್‌ಸ್ಟನ್ ತಂತಿಯನ್ನೂ ಬುರುಡೆಯೊಳಗೆ ಉಳಿದ ಅನಿಲಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿದ ಅವರು, 1918ರಲ್ಲಿ ಗಾಜು, ಅಭ್ರಕ ಮತ್ತು ಪ್ಲಾಟಿನಂಗಳ ಸಮತಲ ಮೇಲ್ಮೈಗಳನ್ನು ಕುರಿತ ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು.

ಅವರ ಕಲ್ಪನೆಯ ಮೇಲ್ಮೈ ಚದುರಂಗದ ಮಣೆಯಂಥದ್ದು. ಎಲ್ಲ ಮನೆಗಳೂ ಸಮ. ಒಂದು ಮನೆಗೆ ಒಂದೇ ಅಣು. ಪಕ್ಕದ ಮನೆ ಖಾಲಿಯೋ ತುಂಬಿದೆಯೋ ಎಂಬುದು ಲೆಕ್ಕಕ್ಕಿಲ್ಲ. ಬಂದು ಕೂರುವ ಅಣುಗಳಷ್ಟೇ ಎದ್ದು ಹೋಗುವ ಅಣುಗಳೂ ಇದ್ದಾಗ ಸಮತೋಲ. ಇಷ್ಟರಿಂದಲೇ ಒತ್ತಡಕ್ಕೂ ಮೇಲ್ಮೈ ತುಂಬುವಿಕೆಗೂ ಇರುವ ಸಂಬಂಧ ಒಂದು ಸಾಲಿನ ಸೂತ್ರವಾಗಿ ಹೊರಬಂತು. ಅಂಟಿಕೊಂಡ ಅಣು ಅಲ್ಲೇ ಸತ್ತು ಬಿದ್ದಿರುವುದಿಲ್ಲ, ಕ್ಷಣಕ್ಷಣಕ್ಕೂ ಬಂದುಹೋಗುವ ವ್ಯವಹಾರ ನಡೆದೇ ಇರುತ್ತದೆ ಎಂಬ ಈ ಕಾಣ್ಕೆ ವೇಗವರ್ಧಕಗಳ ವಿಜ್ಞಾನಕ್ಕೆ ಬುನಾದಿಯಾಯಿತು. 1932ರ ನೊಬೆಲ್ ಬಹುಮಾನ ಅವರಿಗೆ ನ್ಯಾಯವಾಗಿಯೇ ಸಂದಿತು.

ಆದರೆ ಗೆದ್ದ ಪರಂಪರೆಯ ಪಕ್ಕದಲ್ಲಿ ಸೋತವರೂ ಇರುತ್ತಾರೆ. ಅಣುಗಳು ಮೇಲ್ಮೈಯ ಸೆಳೆತಕ್ಕೆ ಸಿಕ್ಕಿ ದಪ್ಪ ಪದರವಾಗಿ ಸಾಂದ್ರಗೊಳ್ಳುತ್ತವೆ ಎಂದು ಮೈಕಲ್ ಪೊಲಾನ್ಯಿ ಲ್ಯಾಂಗ್‌ಮ್ಯೂರ್ ಪ್ರಬಂಧ ಬಂದ ದಶಕದಲ್ಲೇ ವಾದಿಸಿದ್ದರು. ಅಂಥ ಸೆಳೆತಕ್ಕೆ ಆಗಿನ ಭೌತಶಾಸ್ತ್ರದಲ್ಲಿ ಆಧಾರವಿಲ್ಲವೆಂದು ಐನ್‌ಸ್ಟೈನ್ ಮತ್ತು ಹಾಬರ್ ಅದನ್ನು ಒಪ್ಪಲಿಲ್ಲ. 1930ರಲ್ಲಿ ಫ್ರಿಟ್ಸ್ ಲಂಡನ್ ಅಣುಗಳ ನಡುವಿನ ಆಕರ್ಷಣೆಯನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದಾಗ ಆ ಆಧಾರ ದೊರಕಿತು. ಅಷ್ಟರಲ್ಲಿ ಲ್ಯಾಂಗ್‌ಮ್ಯೂರ್ ಮಾರ್ಗ ಬೇರುಬಿಟ್ಟಾಗಿತ್ತು.

ಪರಂಪರೆಯ ಎರಡನೆಯ ಮಜಲಿನ ಬಗ್ಗೆ ನನ್ನ ತಕರಾರು ಹೆಚ್ಚು. ವಾಷಿಂಗ್ಟನ್ನಿನಲ್ಲಿ ಅಮೋನಿಯ ತಯಾರಿಕೆಗೆ ಬೇಕಾದ ಕಬ್ಬಿಣದ ವೇಗವರ್ಧಕಗಳ ಮೇಲೆ ದುಡಿಯುತ್ತಿದ್ದ ಸ್ಟೀಫನ್ ಬ್ರೂನಾವರ್ ಮತ್ತು ಪಾಲ್ ಎಮ್ಮೆಟ್ ಅವರಿಗೆ ಪುಡಿಯ ನಿಜವಾದ ಮೇಲ್ಮೈ ಎಷ್ಟೆಂದು ತಿಳಿಯಬೇಕಿತ್ತು. ಎಡ್ವರ್ಡ್ ಟೆಲ್ಲರ್ ಜತೆ ಸೇರಿ 1938ರಲ್ಲಿ ಅವರು ಕೊಟ್ಟದ್ದೇ ಬಿಇಟಿ ಸಿದ್ಧಾಂತ. ಲ್ಯಾಂಗ್‌ಮ್ಯೂರ್ ಮಣೆಯ ಮೇಲೆಯೇ ಅಣುವಿನ ಮೇಲೆ ಅಣು ಕೂರಲು ಅವರು ಅವಕಾಶ ಕೊಟ್ಟರು. ಮೊದಲ ಪದರಕ್ಕೆ ಒಂದು ಶಾಖ, ಮೇಲಿನ ಎಲ್ಲ ಪದರಗಳಿಗೂ ದ್ರವೀಕರಣದ ಶಾಖ. 77 ಕೆಲ್ವಿನ್‌ನಲ್ಲಿ ನೈಟ್ರೋಜನ್ ಅಳೆದು ಮೊದಲ ಪದರ ತುಂಬಲು ಬೇಕಾದ ಪ್ರಮಾಣ ಕಂಡುಕೊಂಡರೆ, ಅಣುವೊಂದಕ್ಕೆ 0.162 ಚದರ ನ್ಯಾನೋಮೀಟರ್‌ನಂತೆ ಗುಣಿಸಿದರಾಯಿತು. ಪ್ರಮಾಣಿತ ಸ್ಥಿತಿಯಲ್ಲಿ ಅಳೆದ ಒಂದು ಘನ ಸೆಂಟಿಮೀಟರ್ ನೈಟ್ರೋಜನ್ ಸುಮಾರು 4.35 ಚದರ ಮೀಟರ್ ಮೇಲ್ಮೈಯನ್ನು ಮುಚ್ಚುತ್ತದೆ. ಇಂಥ ಸುಲಭದ ಅಳತೆ ಕೈಗೆ ಸಿಕ್ಕಮೇಲೆ ಕೈಗಾರಿಕೆ ಅದನ್ನು ಬಿಟ್ಟೀತೆ?

ತೊಂದರೆ ಇರುವುದು ಅದರ ಒಳಚಿತ್ರದಲ್ಲಿ. ದ್ರವದ ಅಣುವಿಗೆ ದ್ರವೀಕರಣದ ಶಾಖ ದೊರೆಯುವುದು ಸುತ್ತಲೂ ನೆರೆಯವರಿರುವುದರಿಂದ. ಬಿಇಟಿಯಲ್ಲಾದರೋ ಪಕ್ಕದ ನೆರೆಯವರಿಗೆ ಬೆಲೆಯೇ ಇಲ್ಲ. ಖಾಲಿ ಬಯಲಿನಲ್ಲಿ ಒಂಟಿಯಾಗಿ ನಿಂತ ಅಣುವಿನ ತಲೆಯ ಮೇಲೆ ಇನ್ನೊಂದು ಅಣು ಕೂತರೂ ಅದಕ್ಕೆ ಪೂರ್ತಿ ದ್ರವದ ಶಾಖ ಸಲ್ಲುತ್ತದೆ! ಜಾರ್ಜ್ ಹಾಲ್ಸಿ 1948ರಲ್ಲಿ ಈ ವಿರೋಧಾಭಾಸದ ಮೇಲೆಯೇ ಬೆರಳಿಟ್ಟರು. ನೆರೆಹೊರೆಯ ಸೆಳೆತವನ್ನು ಲೆಕ್ಕಕ್ಕೆ ತಂದರೆ, ನಿಜವಾಗಿಯೂ ಏಕರೂಪವಾದ ಮೇಲ್ಮೈಯಲ್ಲಿ ಪದರಗಳು ಒಂದಾದ ಮೇಲೊಂದು ಥಟ್ಟನೆ ತುಂಬಬೇಕು, ಒತ್ತಡ ಏರಿದಂತೆ ಅಂಟಿದ ಅನಿಲದ ಪ್ರಮಾಣವನ್ನು ತೋರಿಸುವ ಅಧಿಶೋಷಣಾ ರೇಖೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಪ್ರಯೋಗಗಳಲ್ಲಿ ಕಾಣುವ ನಯವಾದ ಬಾಗು ಮೇಲ್ಮೈಯ ಏರುಪೇರುಗಳಿಂದ ಹುಟ್ಟಿದ್ದು. ಎಂದರೆ, ಮೇಲ್ಮೈ ಸಮವೆಂದು ಊಹಿಸಿದ ಸೂತ್ರ ಒಪ್ಪುತ್ತಿದ್ದುದು ಸಮವಲ್ಲದ ಮೇಲ್ಮೈಗಳಿಗೆ.

ಈ ವಾದವನ್ನು ತೀರ್ಮಾನಿಸಿದ್ದು ಮಸಿಯ ಪುಡಿ. ಇಂಗಾಲದ ಮಸಿಯನ್ನು ಸುಮಾರು 2700 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಕಣಗಳ ಹೊರಮೈಯೆಲ್ಲ ಗ್ರಾಫೈಟಿನ ಹಾಳೆಯಾಗಿ ಮಟ್ಟವಾಗುತ್ತದೆ. 1950ರ ದಶಕದಲ್ಲಿ ಅಂಥ ಪುಡಿಯ ಮೇಲೆ ಕ್ರಿಪ್ಟಾನ್ ಹಾಯಿಸಿದಾಗ ಮೆಟ್ಟಿಲುಗಳು ಕಂಡವು. 1970ರ ಸುಮಾರಿಗೆ ಫ್ರಾನ್ಸಿನ ನಾನ್ಸಿಯಲ್ಲಿ ತೋಮಿ ಮತ್ತು ಡ್ಯುವಾಲ್ ಪದರ ಬಿಡಿಸಿದ ಗ್ರಾಫೈಟಿನ ಮೇಲೆ ಇನ್ನೂ ಸೂಕ್ಷ್ಮವಾಗಿ ಅಳೆದು, ಮೊದಲ ಪದರದೊಳಗೇ ಅನಿಲ, ದ್ರವ, ಘನ ಎಂಬ ಎರಡು ಆಯಾಮದ ಸ್ಥಿತಿಗಳನ್ನು ಬೇರ್ಪಡಿಸಿ ತೋರಿಸಿದರು. ಅಣುಗಳು ಮನೆಗಳಲ್ಲಿ ಕಟ್ಟುಬಿದ್ದೂ ಇರಲಿಲ್ಲ. ಕೆಲವು ಸ್ಥಿತಿಗಳಲ್ಲಿ ಕ್ರಿಪ್ಟಾನ್ ಗ್ರಾಫೈಟಿನ ಮೂರು ಷಟ್ಕೋನಗಳಿಗೆ ಒಂದರಂತೆ ಶಿಸ್ತಿನಿಂದ ಕೂರುತ್ತದೆ. ಒತ್ತಡ ಹೆಚ್ಚಿದರೆ ಆ ಶಿಸ್ತನ್ನು ಮುರಿದು ತನ್ನದೇ ಜಾಲ ಕಟ್ಟಿಕೊಳ್ಳುತ್ತದೆ. ಲ್ಯಾಂಗ್‌ಮ್ಯೂರ್ ಕನಸಿದ ಏಕರೂಪ ಮೇಲ್ಮೈ ಕೊನೆಗೂ ಸಿಕ್ಕಿತು, ಆದರೆ ಅದು ಅವರ ವಾರಸುದಾರರ ಸೂತ್ರವನ್ನು ಒಪ್ಪಲಿಲ್ಲ. ಈ ಪರಂಪರೆಯ ಅತ್ಯಂತ ಫಲವತ್ತಾದ ಘಟ್ಟ ಇದೇ ಎಂದು ನಾನು ಭಾವಿಸುತ್ತೇನೆ. ಎರಡು ಆಯಾಮದ ಭೌತಶಾಸ್ತ್ರಕ್ಕೆ ಪ್ರಯೋಗದ ಅಂಗಳವನ್ನು ಒದಗಿಸಿದ್ದೂ ಇದೇ ಗ್ರಾಫೈಟ್.

ಏಕರೂಪದ ಮೋಹದಲ್ಲಿ ಬದಿಗೆ ಸರಿದ ಕೆಲಸವೂ ಉಂಟು. 1941ರಲ್ಲಿ ಬೆಂಗಳೂರಿನ ಕೆ. ಸುಬ್ಬರಾವ್ ಟೈಟಾನಿಯಾ ಮೊದಲಾದ ಜೆಲ್‌ಗಳು ನೀರಿನ ಆವಿಯನ್ನು ಹೀರುವಾಗ ಒಂದು ದಾರಿ, ಬಿಡುವಾಗ ಇನ್ನೊಂದು ದಾರಿ ಹಿಡಿಯುವುದನ್ನು ಅಳೆದರು. ಆ ಎರಡು ದಾರಿಗಳ ನಡುವೆ ಅರ್ಧದಲ್ಲೇ ಹಿಂತಿರುಗಿದರೆ ಏನಾಗುತ್ತದೆಂದೂ ಹಂತಹಂತವಾಗಿ ನೋಡಿ ಪ್ರಕಟಿಸಿದರು. ರಂಧ್ರಗಳಿರುವ ವಸ್ತುವಿಗೆ ತನ್ನ ಹಿಂದಿನ ಸ್ಥಿತಿಯ ನೆನಪಿರುತ್ತದೆ ಎಂಬ ಈ ಸಂಗತಿಗೆ ಸಮತಲದ ಮಣೆಯಲ್ಲಿ ಜಾಗವೇ ಇಲ್ಲ.

ಇಂದು ಬಿಇಟಿ ಅಂಕಿಯಿಲ್ಲದೆ ಹೊಸ ರಂಧ್ರವಸ್ತುವಿನ ಪ್ರಬಂಧವೇ ಹೊರಬರುವುದಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 61 ಪ್ರಯೋಗಾಲಯಗಳಿಗೆ ಒಂದೇ 18 ಅಧಿಶೋಷಣಾ ರೇಖೆಗಳನ್ನು ಕೊಟ್ಟು ಮೇಲ್ಮೈ ಲೆಕ್ಕ ಹಾಕಲು ಹೇಳಿದಾಗ, ಪ್ರತಿ ರೇಖೆಗೂ ಬಂದ ಉತ್ತರಗಳು ದೂರದೂರಕ್ಕೆ ಚದುರಿದ್ದವು. ಅಳತೆ ಎಲ್ಲರಿಗೂ ಒಂದೇ ಆಗಿತ್ತು. ರೇಖೆಯ ಯಾವ ತುಣುಕಿಗೆ ಸೂತ್ರ ಹೊಂದಿಸಬೇಕೆಂಬ ಆಯ್ಕೆಯಲ್ಲೇ ವ್ಯತ್ಯಾಸ ನುಸುಳಿತ್ತು. ಪುಡಿಗಳನ್ನು ಹೋಲಿಸುವ ಅಳತೆಗೋಲಾಗಿ ಬಿಇಟಿ ಉಪಯುಕ್ತ, ಅದನ್ನು ಬಿಡಬೇಕಿಲ್ಲ. ಮೇಲ್ಮೈಯಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಅದನ್ನು ಸಾಕ್ಷಿಯಾಗಿ ಕರೆಯುವುದು ಮಾತ್ರ ತಪ್ಪು.

ಪದವಿ ತರಗತಿಯಲ್ಲಿ ಲ್ಯಾಂಗ್‌ಮ್ಯೂರ್ ಸೂತ್ರ ಬರೆಸುವ ಅಧ್ಯಾಪಕರಲ್ಲಿ ಒಂದು ಬಿನ್ನಹ: ಅದರ ಪಕ್ಕದಲ್ಲೇ ಗ್ರಾಫೈಟಿನ ಮೇಲಿನ ಕ್ರಿಪ್ಟಾನ್ ರೇಖೆಯನ್ನೂ ಬರೆಯಿರಿ. ಆ ಮೆಟ್ಟಿಲುಗಳು ಎಲ್ಲಿಂದ ಬಂದವೆಂದು ವಿದ್ಯಾರ್ಥಿಗಳನ್ನೇ ಕೇಳಿ.