ತಪ್ಪು ಕಾನ್ಫಿಗರೇಶನ್ ಬಂದಾಗ ಲೈಬ್ರರಿ ಏನು ಮಾಡಬೇಕು?

ಬೀದರ ಜಿಲ್ಲೆಯ ಜನವಾಡದಂಥ ಊರುಗಳಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ಬಂದವರು ಎಷ್ಟೋ ಸಲ ಕೇಳಿಸಿಕೊಳ್ಳುವ ಮಾತು: "ಸರ್ವರ್ ಬರವಲ್ದು, ನಾಳಿ ಬರ್ರಿ." ಆ ಮಾತಿನ ಹಿಂದೆ ಕಡಿದ ಕೇಬಲ್ ಇರಬಹುದು, ಹೋದ ಕರೆಂಟ್ ಇರಬಹುದು, ಯಾರೋ ಎಲ್ಲೋ ಕಾನ್ಫಿಗರೇಶನ್ ಫೈಲಿನಲ್ಲಿ ತಪ್ಪಾಗಿ ಬರೆದ ಒಂದು ಸಾಲೂ ಇರಬಹುದು. ಬರೆಯುವವರ ಕೈ ತಪ್ಪುವುದು ಸಹಜ. ಆ ಸಾಲನ್ನು ಓದುವ ನೆಟ್‌ವರ್ಕಿಂಗ್ ಲೈಬ್ರರಿ ಆಗ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮಾತ್ರ ಅದನ್ನು ಕಟ್ಟಿದವರ ಹೊಣೆ. ಕೂಲಿ ಬಿಟ್ಟು ಬಂದವರ ಒಂದು ದಿನ ಅದರ ಮೇಲೆ ನಿಂತಿರುತ್ತದೆ.

2025ರ ನವೆಂಬರ್ 18ರ ಸಂಜೆ, ನಮ್ಮ ಸಮಯ ಸುಮಾರು 4.50ಕ್ಕೆ, ಕ್ಲೌಡ್‌ಫ್ಲೇರ್ ಕಂಪನಿಯ ಜಾಲ ಕುಸಿಯತೊಡಗಿತು. ಅದರ ಹಿಂದೆ ನಿಂತಿದ್ದ ಅಸಂಖ್ಯ ವೆಬ್‌ಸೈಟುಗಳು ಏಕಕಾಲಕ್ಕೆ ತೆರೆಯದಾದವು. ಕಾರಣವನ್ನು ಕಂಪನಿಯೇ ಬಿಡಿಸಿ ಹೇಳಿತು. ಬಾಟ್‌ಗಳನ್ನು ಗುರುತಿಸುವ ಘಟಕಕ್ಕೆ ಐದೈದು ನಿಮಿಷಕ್ಕೊಮ್ಮೆ ಒಂದು ಫೈಲ್ ತಯಾರಾಗಿ ಹೋಗುತ್ತಿತ್ತು. ಡೇಟಾಬೇಸಿನ ಅನುಮತಿಗಳನ್ನು ಬದಲಿಸಿದ್ದರಿಂದ ಅದರಲ್ಲಿ ಅದದೇ ಸಾಲುಗಳು ಮತ್ತೆ ಬಂದು, ಎಂದಿನ 60ರ ಆಸುಪಾಸಿನ ಲೆಕ್ಕ 200ರ ಮಿತಿಯನ್ನು ದಾಟಿತು. ಮಿತಿ ದಾಟಿದ್ದು ಕೋಡಿಗೆ ತಿಳಿದೂ ಇತ್ತು. ಆದರೆ ರಸ್ಟ್ ಭಾಷೆಯಲ್ಲಿ ಬರೆದ ಆ ಜಾಗದಲ್ಲಿ 'ಅನ್‌ವ್ರ್ಯಾಪ್' ಎಂಬ ಕರೆ ಇತ್ತು: ಉತ್ತರ ಸರಿಯಿದ್ದರೆ ಕೊಡು, ಇಲ್ಲದಿದ್ದರೆ ಅಲ್ಲೇ ಸತ್ತುಹೋಗು ಎಂದು ಅದರ ಅರ್ಥ. ಬಂದ ಕೋರಿಕೆಗಳನ್ನು ಮುಂದೆ ದಾಟಿಸುವ ಪ್ರಾಕ್ಸಿ ಸತ್ತಿತು. ಹಿಂದಿನ ಒಳ್ಳೆಯ ಫೈಲ್ ಬಳಕೆಯಲ್ಲಿದ್ದೂ ಅದನ್ನೇ ಹಿಡಿದು ನಡೆಯುವ ದಾರಿಯನ್ನು ಯಾರೂ ಬರೆದಿರಲಿಲ್ಲ.

ಅದೇ ಸಂಜೆ ಕೆಲವು ಗ್ರಾಹಕರು ಹಳೆಯ ಪ್ರಾಕ್ಸಿಯ ಮೇಲಿದ್ದರು. ಅದು ಸಾಯಲಿಲ್ಲ. ಏನೂ ಆಗಿಲ್ಲವೆಂಬಂತೆ ಬಾಟ್ ಗುರುತಿಸುವ ಅಂಕವನ್ನು ಬಂದವರಿಗೆಲ್ಲ ಸೊನ್ನೆ ಎಂದೇ ಕೊಡುತ್ತ ಹೋಯಿತು. ಬಾಟ್‌ಗಳನ್ನು ತಡೆಯುವ ನಿಯಮ ಹಾಕಿಕೊಂಡಿದ್ದ ತಾಣಗಳಲ್ಲಿ ನಿಜವಾದ ಮನುಷ್ಯರೂ ಬಾಗಿಲ ಹೊರಗೆ ಉಳಿದರು. ಇದು ಸಾಯುವುದಕ್ಕಿಂತ ಮೇಲು ಎಂದು ನನಗನ್ನಿಸುವುದಿಲ್ಲ. ಸತ್ತದ್ದು ಕಣ್ಣಿಗೆ ಬೀಳುತ್ತದೆ, ಸೊನ್ನೆ ಬೀಳುವುದಿಲ್ಲ.

ನಮ್ಮದೇ ಯಂತ್ರ ತಯಾರಿಸಿದ ಫೈಲ್ ಎಂಬ ನಂಬಿಕೆಯೇ ಇಲ್ಲಿ ಮುಳುವಾಯಿತು. 2024ರ ಜುಲೈ 19ರಂದು ನಡೆದ, ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅವಘಡದಲ್ಲೂ ಹಾಗೆಯೇ: 20 ಮೌಲ್ಯಗಳು ಸಿಗುವ ಕಡೆ 21ನೆಯದನ್ನು ಓದಹೊರಟು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಬಿದ್ದವು. ನಮ್ಮ ಬೀದರ ಕಡೆಯವರು ಎಷ್ಟೋ ಜನ ವಿಮಾನ ಹತ್ತುವ ಹೈದರಾಬಾದಿನಲ್ಲಿ ಅಂದು ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು.

ಊಹೆ ಮಾಡುವ ಲೈಬ್ರರಿಗಳದು ಇನ್ನೊಂದು ಕೇಡು. 010.0.0.1 ಎಂಬ ವಿಳಾಸ ನೋಡಿ. ಸೊನ್ನೆಯಿಂದ ಶುರುವಾದದ್ದು ಎಂಟರ ಮಾನದ ಸಂಖ್ಯೆ ಎಂದು ಹಳೆಯ ಸಿ ಲೈಬ್ರರಿ ಅದನ್ನು 8.0.0.1 ಎಂದು ಓದುತ್ತದೆ. ಪೈಥಾನಿನ ಕೆಲವು ಆವೃತ್ತಿಗಳು ಸೊನ್ನೆಯನ್ನು ಉದುರಿಸಿ 10.0.0.1 ಎಂದು ಓದುತ್ತಿದ್ದವು. ತಪಾಸಣೆ ಒಂದು ಲೈಬ್ರರಿಯದು, ಸಂಪರ್ಕ ಇನ್ನೊಂದರದು ಆದರೆ ಒಳಜಾಲದ ವಿಳಾಸವೆಂದು ಬಿಟ್ಟದ್ದು ಹೊರಗೆಲ್ಲೋ ಹೋಗಿ ಮುಟ್ಟುತ್ತದೆ. 2021ರಲ್ಲಿ ಪೈಥಾನ್ 3.9.5, ಗೋ 1.17 ಎರಡೂ ಇಂಥ ವಿಳಾಸವನ್ನು ನೇರವಾಗಿ ತಿರಸ್ಕರಿಸತೊಡಗಿದವು. ಸರಿಯಾದ ತೀರ್ಮಾನ. ಬೇರೆಯವರಿಂದ ಬರುವುದನ್ನು ಉದಾರವಾಗಿ ಸ್ವೀಕರಿಸಬೇಕೆಂದು 1980ರಲ್ಲಿ ಇಂಟರ್ನೆಟ್ ನಿಯಮಗಳನ್ನು ರೂಪಿಸಿದವರಲ್ಲೊಬ್ಬರಾದ ಜಾನ್ ಪೋಸ್ಟೆಲ್ ಹೇಳಿದ್ದು ಜಾಲ ಇನ್ನೂ ಬೆಳೆಯುತ್ತಿದ್ದ ಕಾಲದ ಅಗತ್ಯ. ಇಂದಿನ ಕಾನ್ಫಿಗರೇಶನ್‌ಗೆ ಆ ಔದಾರ್ಯ ಒಗ್ಗುವುದಿಲ್ಲ.

ಈ ವಿಷಯದಲ್ಲಿ ನಾನು ಮೆಚ್ಚುವುದು ವೆಬ್ ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್ ನಡೆಯನ್ನು. ಹೊಸ ಫೈಲ್ ಓದಿಕೋ ಎಂದಾಗ ಮುಖ್ಯ ಪ್ರಕ್ರಿಯೆ ಮೊದಲು ಅದನ್ನು ಪರೀಕ್ಷಿಸುತ್ತದೆ, ಅನ್ವಯಿಸಿ ನೋಡುತ್ತದೆ. ಆಗದಿದ್ದರೆ ಮಾಡಿದ್ದನ್ನು ಹಿಂತೆಗೆದು ಹಳೆಯದರಲ್ಲೇ ಮುಂದುವರಿಯುತ್ತದೆ. ಒಳಗಿದ್ದ ಬಳಕೆದಾರರಿಗೆ ಏನೂ ತಟ್ಟುವುದಿಲ್ಲ. ಆದರೂ ಕೊರತೆಯಿದೆ. ಸಿಗ್ನಲ್ ಮೂಲಕ ರಿಲೋಡ್ ಮಾಡಿದಾಗ ತಿರಸ್ಕಾರದ ಸುದ್ದಿ ಎರರ್ ಲಾಗ್‌ನಲ್ಲಿ ಹೂತುಹೋಗುತ್ತದೆ. ಕೆಟ್ಟ ಫೈಲ್ ಡಿಸ್ಕಿನಲ್ಲಿ ಹಾಗೇ ಬಿದ್ದಿರುತ್ತದೆ. ಒಂದು ದಿನ ಕರೆಂಟ್ ಹೋಗಿ ಬಂದಾಗ ಸರ್ವರ್ ಏಳುವುದೇ ಇಲ್ಲ. ತಪ್ಪು ಬರೆದವರು ಅಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಎಂಜಿನ್‌ಎಕ್ಸ್‌ನ ಹಿಂದೆ ನಿಂತ ಸರ್ವರಿನ ಹೆಸರಿಗೆ ವಿಳಾಸ ಸಿಗದಿದ್ದರೂ ಅದು ಶುರುವಾಗಲು ಒಪ್ಪುವುದಿಲ್ಲ. ಕರೆಂಟ್ ಬಂದ ಕೂಡಲೇ ಸರ್ವರ್ ಎದ್ದು, ರೂಟರ್ ಇನ್ನೂ ಏಳುತ್ತಿದ್ದರೆ, ತಪ್ಪಿಲ್ಲದ ಫೈಲೂ ತಪ್ಪೆನಿಸುತ್ತದೆ. ಬೇಸಿಗೆಯಲ್ಲಿ ಕರೆಂಟ್ ಆಗಾಗ ಕೈಕೊಡುವ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಎನ್ವಾಯ್ ಪ್ರಾಕ್ಸಿ ಒಂದು ಹೆಜ್ಜೆ ಮುಂದಿದೆ. ಬೇಡವಾದ ಕಾನ್ಫಿಗರೇಶನ್ ಬಂದರೆ, ಒಪ್ಪಿಲ್ಲ, ಕಾರಣ ಇದು, ನಾನಿನ್ನೂ ಇಂಥ ಆವೃತ್ತಿಯಲ್ಲಿದ್ದೇನೆ ಎಂದು ಕಳಿಸಿದವರಿಗೇ ಮರಳಿ ತಿಳಿಸುತ್ತದೆ. ಎಲ್ಲ ಲೈಬ್ರರಿಗಳಿಂದಲೂ ನಾನು ಕೇಳುವುದು ಇದನ್ನೇ. ಪ್ರೋಗ್ರಾಮನ್ನು ಮುಚ್ಚುವ ಹಕ್ಕು ಲೈಬ್ರರಿಗಿಲ್ಲ; ದೋಷವನ್ನು ಕರೆದವರ ಕೈಗೆ ಕೊಡಬೇಕು, ಮುಂದಿನದು ಅವರ ತೀರ್ಮಾನ.

ಕೊಡುವ ದೋಷವೂ ಕೆಲಸಕ್ಕೆ ಬರುವಂತಿರಬೇಕು. ಪೋರ್ಟ್ ಜಾಗದಲ್ಲಿ ಯಾರೋ 70000 ಎಂದು ಬರೆದರು ಎನ್ನಿ. ಅಜಾಗರೂಕ ಕೋಡ್ ಅದನ್ನು 16 ಬಿಟ್‌ಗೆ ತುರುಕಿ, ಸದ್ದಿಲ್ಲದೆ 4464ನೇ ಪೋರ್ಟ್ ತೆರೆದುಬಿಡುತ್ತದೆ. ಇನ್ನೊಂದು "ಅಮಾನ್ಯ ಮೌಲ್ಯ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಬೇಕಾದದ್ದು ಫೈಲಿನ ಹೆಸರು, ಸಾಲಿನ ಸಂಖ್ಯೆ, ಅಲ್ಲಿದ್ದ 70000, ಇರಬೇಕಾದ 1ರಿಂದ 65535ರ ಮಿತಿ. ತಪ್ಪಾದ ಸಾಲಿನಲ್ಲಿ ಪಾಸ್‌ವರ್ಡ್ ಇದ್ದರೆ ಮಾತ್ರ ಆ ಮೌಲ್ಯವನ್ನು ಲಾಗ್‌ಗೆ ಬರೆಯಬಾರದು, ಸಾಲಿನ ಸಂಖ್ಯೆ ಸಾಕು.