ಕೋಟಿತೀರ್ಥದ ಚಿತ್ರಕಾರ

ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಕೊಲ್ಹಾಪುರ ಅಂದರೆ ಮಹಾಲಕ್ಷ್ಮಿ ಗುಡಿ, ದವಾಖಾನೆ, ಬೆಲ್ಲದ ಪೇಟೆ. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಇಷ್ಟು ಬಳಕೆಯ ಊರಿನಲ್ಲೇ ಬಾಳಿ 1931ರಲ್ಲಿ ತೀರಿಕೊಂಡ ಅಬಾಲಾಲ್ ರಹಿಮಾನ್ ಅವರ ಹೆಸರು ಮಾತ್ರ ಕನ್ನಡದಲ್ಲಿ ಕೇಳಿಬರುವುದು ಅಪರೂಪ. ಈ ಭಾಗ ಕಂಡ ನಿಸರ್ಗ ಚಿತ್ರಕಾರರಲ್ಲಿ ನಾನು ಮೊದಲು ಹೆಸರಿಸುವುದು ಅವರನ್ನೇ.

ಅವರು ಕಲಿತದ್ದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ. 1857ರಲ್ಲಿ ಶುರುವಾದ ಆ ಶಾಲೆ ಇಂಗ್ಲೆಂಡಿನ ಜಲವರ್ಣ ಪದ್ಧತಿಯನ್ನು ಇಲ್ಲಿಗೆ ತಂದಿತ್ತು: ತೆಳುವಾದ ಬಣ್ಣ ಹರಿಸಬೇಕು, ಬೆಳಕಿಗಾಗಿ ಕಾಗದದ ಬಿಳುಪನ್ನೇ ಉಳಿಸಬೇಕು. ಮಂಜು ಮುಸುಕಿದ ನಾಡಿಗೆ ಹೊಂದುವ ವಿಧಾನ ಅದು. ಅಬಾಲಾಲ್ ಅದನ್ನು ಪೂರ್ತಿ ಕಲಿತರು, ಊರಿಗೆ ಮರಳಿದ ಮೇಲೆ ಅದರಾಚೆಗೂ ಹೋದರು. ಕೊಲ್ಹಾಪುರದ ಕೋಟಿತೀರ್ಥ, ರಂಕಾಳ ಕೆರೆಗಳು, ಪಂಚಗಂಗೆ ಹೊಳೆಯ ದಂಡೆ ಅವರ ವಸ್ತು. ಒಂದೇ ನೀರನ್ನು ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ಬರೆದರು. ಸಣ್ಣ ಸಣ್ಣ ಬಣ್ಣದ ಸ್ಪರ್ಶಗಳು ಪಕ್ಕಪಕ್ಕ ಕೂತು, ನೋಡುವವನ ಕಣ್ಣಿನಲ್ಲೇ ಕೂಡಿಕೊಳ್ಳುತ್ತವೆ. ನಮ್ಮ ಕಡೆಯ ಬಿಸಿಲಿಗೆ ಒಪ್ಪುವ ಕುಂಚ ಅದು.

ಇದಕ್ಕಾಗಿ ಅವರನ್ನು ಫ್ರೆಂಚ್ ಇಂಪ್ರೆಷನಿಸ್ಟರಿಗೆ ಹೋಲಿಸುವುದುಂಟು. ಹೋಲಿಕೆ ತಪ್ಪಲ್ಲ, ಆದರೆ ಸಾಲದು. ಆ ಬೆಳಕು ಪುಸ್ತಕ ನೋಡಿ ಬಂದದ್ದಲ್ಲ, ಕೆರೆಯ ದಂಡೆಯಲ್ಲಿ ಕೂತು ಬಂದದ್ದು. ಒಂದು ಕೊರತೆಯನ್ನೂ ಹೇಳಲೇಬೇಕು: ನೀರು, ಮರ, ಆಕಾಶ ಅವರಿಗೆ ಒಲಿದಷ್ಟು ಆ ದಂಡೆಯಲ್ಲಿ ದುಡಿಯುವ ಮನುಷ್ಯ ಒಲಿಯಲಿಲ್ಲ. ಆಸರೆ ಕೊಟ್ಟಿದ್ದ ಶಾಹು ಮಹಾರಾಜರು ಕಟ್ಟಿದ ಕೊಲ್ಹಾಪುರದ ಗದ್ದಲ ಆ ಹಾಳೆಗಳಲ್ಲಿ ಕೇಳಿಸುವುದಿಲ್ಲ.

1922ರಲ್ಲಿ ಮಹಾರಾಜರು ತೀರಿಕೊಂಡಾಗ ಅಬಾಲಾಲ್ ದುಃಖದಿಂದ ತಮ್ಮ ಸಾವಿರಾರು ಚಿತ್ರಗಳನ್ನು ನೀರಿಗೆ ಹಾಕಿದರೆಂಬ ಕಥೆ ಪ್ರಸಿದ್ಧವಾಗಿದೆ. ನಿಜವೋ ಸುಳ್ಳೋ, ಕಳೆದುಹೋದ ಚಿತ್ರಗಳ ಬಗ್ಗೆ ಆಡುವಷ್ಟು ಮಾತನ್ನು ಉಳಿದ ಚಿತ್ರಗಳ ಬಗ್ಗೆ ಯಾರೂ ಆಡುವುದಿಲ್ಲ. ಈ ಅನ್ಯಾಯ ನನ್ನನ್ನು ಕಾಡುತ್ತದೆ.

ಅವರು ಬರೆದ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಕಾಗವಾಡ, ಅಥಣಿಯ ಕಡೆಗೇ ಹರಿದು ಬರುತ್ತದೆ. ಅದೇ ಕಬ್ಬಿನ ಸೀಮೆ, ಅದೇ ಸಂಜೆ. ನಮ್ಮ ಚಿತ್ರಕಲಾ ಶಿಕ್ಷಕರಲ್ಲಿ ಒಂದು ವಿನಂತಿ: ಬಾಳೆಮರ, ಗುಡ್ಡದ ನಡುವಿನ ಸೂರ್ಯ ಇವನ್ನೇ ನಕಲು ಮಾಡಿಸುವುದನ್ನು ಬಿಟ್ಟು, ಮಕ್ಕಳನ್ನು ಒಮ್ಮೆ ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಅಬಾಲಾಲರ ಚಿತ್ರ ತೋರಿಸಿ. ಆಮೇಲೆ ಹೊಳೆಯ ದಂಡೆಗೆ ಕರೆತಂದು ಕಾಗದ, ಬಣ್ಣ ಕೊಡಿ.